ಕೂತು ಹೋಗುವವರಿಗೊಂದು ಥಂಡಿ ಪೆಟ್ಟಿಗೆ

ಹೋದ ತಿಂಗಳು ಉದಗೀರದ ತಾಂತ್ರಿಕ ಶಾಲೆಯೊಂದರಿಂದ ನನಗೆ ಕರೆ ಬಂತು. ಫ್ರಿಜ್, ಏಸಿ ಕೆಲಸ ಕಲಿಯುವ ಹುಡುಗರಿಗೆ ‘ನಮ್ಮ ವೃತ್ತಿಯಲ್ಲಿ ಗುಣಮಟ್ಟ’ ಎಂಬ ವಿಷಯವಾಗಿ ನಾಲ್ಕು ಮಾತು ಹೇಳಬೇಕಂತೆ. ಕೆಲಸ ಬಿಟ್ಟು ಮನೆಯಲ್ಲಿ ಕೂತವನಿಗೆ ಶಾಲು ಹೊದಿಸುವವರು ಸಿಕ್ಕರೆ ಬಿಡುತ್ತಾನೆಯೇ? ಇಸ್ತ್ರಿ ಮಾಡಿದ ಅಂಗಿ ತೊಟ್ಟು ಉಮರ್ಗಾದಲ್ಲಿ ಬಸ್ಸು ಹತ್ತಿದೆ. ಸಭೆ ಇದ್ದ ಕೋಣೆಯಲ್ಲಿ ಎರಡು ಏಸಿಗಳಿದ್ದವು, ಎರಡೂ ಕೆಟ್ಟಿದ್ದವು. ಪ್ರಾಚಾರ್ಯರು “ಮ್ಯಾಲಿಂದ ಮಂಜೂರಿ ಬರಬೇಕ್ರಿ” ಎಂದು ಸಮಾಧಾನ ಹೇಳಿ ನನ್ನ ಕೈಗೆ ರಟ್ಟಿನ ಬೀಸಣಿಗೆ ಕೊಟ್ಟರು. ಅದನ್ನು ಬೀಸಿಕೊಳ್ಳುತ್ತಲೇ ತಂಪು ಮಾಡುವ ವಿದ್ಯೆಯ ಬಗ್ಗೆ ಭಾಷಣ ಮಾಡಿದೆ. ಮುಗಿದ ಮೇಲೆ ಪ್ರಶ್ನೆ ಕೇಳಿ ಎಂದರೆ ಒಬ್ಬ ಎದ್ದುನಿಂತು, “ಸರ್, ರೀಲ್ಸ್ ಮಾಡಿದ್ರ ಗಿರಾಕಿ ಹೆಚ್ಚಿಗಿ ಬರ್ತಾರೇನ್ರಿ?” ಎಂದು ಕೇಳಿದ. ಬರಬಹುದು ಎಂದು ಹೇಳಿ ಶಾಲು ಮಡಚಿಕೊಂಡು ಬಂದೆ.

ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಹೆಸರು ಶರಣಪ್ಪ. ಮರಾಠಿ ಗಡಿಯ ಉಮರ್ಗಾ, ನಿಲಂಗಾ, ಉದಗೀರ ಈ ಮೂರು ಊರುಗಳ ನಡುವೆ ಜನರಿಗೆ ಥಂಡಿ ಹಂಚುವುದರಲ್ಲೇ ನನ್ನ ಆಯುಷ್ಯ ಕಳೆಯಿತು. ಏನೇನೋ ರಿಪೇರಿ ಮಾಡಿದ್ದೇನೆ. ಆದರೆ ಈಗ ಕೂತು ಯೋಚಿಸಿದರೆ ನೆನಪಿಗೆ ಬರುವುದು ಕಾಸಾರಶಿರಸಿಯ ಗೌರವ್ವ ಎಂಬ ಮುದುಕಿಗೆ ನಾನು ಕೊಟ್ಟ ಒಂದು ಮಾತು. ತಾನು ಸತ್ತ ಮೇಲೆ ಮಲಗಿ ಹೋಗಬಾರದು, ಕೂತೇ ಹೋಗಬೇಕು ಎಂಬುದು ಆಕೆಯ ಹಟ. ಆ ಹಟ ನಡೆಸಿಕೊಡುವುದು ಏಸಿ ಮಿಸ್ತ್ರಿಯ ಪಾಲಿಗೆ ಹೇಗೆ ಬಂತು ಎಂದು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಶುರುಮಾಡಬೇಕು.

ನಾನು ಭಾಲ್ಕಿ ಕಡೆಯವನು. ಅಕ್ಕನನ್ನು ಉಮರ್ಗಾಕ್ಕೆ ಕೊಟ್ಟಿದ್ದರು. ಭಾವ ನನ್ನನ್ನು ಕರೆಸಿಕೊಂಡು ಖಾಜಾಸಾಬ್ ಉಸ್ತಾದರ ಫ್ರಿಜ್ ರಿಪೇರಿ ಅಂಗಡಿಗೆ ಸೇರಿಸಿದ. ಉಸ್ತಾದರು ಸಣ್ಣ ಆಳು. ಗಡ್ಡಕ್ಕೆ ಮೆಹಂದಿ, ಕಿವಿಯ ಮೇಲೆ ಟೆಸ್ಟರು. ಉರ್ದು, ಮರಾಠಿ, ಕನ್ನಡ ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದರು. ಬೈಯುವಾಗ ಮಾತ್ರ ಅಚ್ಚ ಉರ್ದು ಬರುತ್ತಿತ್ತು, ಹೀಗಾಗಿ ನಾನು ಮೊದಲು ಕಲಿತದ್ದು ಅದನ್ನೇ.

ತುರೋರಿಯಲ್ಲಿ ಹೆದ್ದಾರಿಯ ಮಗ್ಗುಲಿಗೆ ಒಂದು ಧಾಬಾ ಇತ್ತು. ಅದರ ಮಾಲಕ ಜ್ಞಾನೋಬಾ ಲಾರಿಯವರಿಗೆಂದು ಏಸಿ ಕೋಣೆ ಮಾಡಿಸಿದ್ದ. ಹೊರಗಿನ ಪೈಪಿನ ಮೇಲೆ ಬೆಳ್ಳಗೆ ಹಿಮ ಕಟ್ಟಿರುತ್ತಿತ್ತು. ಅವನು ಅದನ್ನು ಬಂದ ಗಿರಾಕಿಗಳಿಗೆ ಕೈಹಿಡಿದು ಕರೆದೊಯ್ದು ತೋರಿಸುತ್ತಿದ್ದ. ನಿಜ ಏನೆಂದರೆ, ಏಸಿಯ ಪೈಪಿನ ಮೇಲೆ ಹಿಮ ಕಟ್ಟುವುದು ರೋಗದ ಗುರುತು. ಗ್ಯಾಸು ಕಡಿಮೆಯಾದರೆ ಕಟ್ಟುತ್ತದೆ, ಒಳಗಿನ ಜಾಳಿಗೆ ಧೂಳು ಹಿಡಿದರೆ ಕಟ್ಟುತ್ತದೆ. ನಾವು ಸೋರುವ ಜಾಗ ಹುಡುಕಿ, ಬೆಸೆದು, ಸರಿಯಾಗಿ ಗ್ಯಾಸು ತುಂಬಿದೆವು. ಕೋಣೆ ಹಿಂದೆಂದೂ ಆಗದಷ್ಟು ತಂಪಾಯಿತು, ಪೈಪಿನ ಮೇಲಿನ ಹಿಮ ಕರಗಿಹೋಯಿತು. ಜ್ಞಾನೋಬಾ ಹಣೆ ಬಡಿದುಕೊಂಡ.

“ಅಹೋ ಉಸ್ತಾದ, ಕಾಯ್ ಕೇಲಂ ಹೇ? ಬರ್ಫ ಎಲ್ಲಿ ಹೋಯ್ತು? ಚಲೋ ಇದ್ದ ಮಶೀನ ಕೆಡಿಸಿಟ್ರಿ!”

“ಒಳಗ ಬಂದು ಕುಂತು ನೋಡ್ರಿ ಶೇಟ.”

“ಒಳಗಿಂದು ಯಾರಿಗಿ ಕಾಣಸ್ತದ? ಬರ್ಫ ಹೊರಗ ಕಾಣಬೇಕು!”

ಆಮೇಲೆ ಅವನು ಬೇರೆ ಯಾರನ್ನೋ ಕರೆಸಿ ಸ್ವಲ್ಪ ಗ್ಯಾಸು ಬಿಡಿಸಿ ಹಿಮವನ್ನು ಮರಳಿ ತರಿಸಿಕೊಂಡ. ಮುಂದಿನ ಬೇಸಿಗೆಗೆ ಕಂಪ್ರೆಸರ್ ಸುಟ್ಟಿತು. ಯಾರದೋ ದೃಷ್ಟಿ ತಾಕಿದೆ ಎಂದು ಹೊಸ ಮಶೀನಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ. ಅದಕ್ಕೂ ಬೇಗನೆ ಹಿಮ ಬರಲೆಂದು ಹಾರೈಸಿರಬೇಕು.

ತುರೋರಿಯಿಂದ ಸೈಕಲ್ ಮೇಲೆ ಮರಳುವಾಗ ಉಸ್ತಾದರು ಹೇಳಿದ್ದು ನನಗೆ ಮರೆತಿಲ್ಲ: “ಬೇಟಾ, ಇವ್ರಿಗಿ ಥಂಡಿ ಬೇಕಾಗಿಲ್ಲ. ಥಂಡಿ ಅದ ಅನ್ನೋ ಸಬೂತ, ಪುರಾವಿ ಬೇಕಾಗ್ಯಾದ. ನೀ ಎರಡೂ ಕೊಡಲಾಕ ಕಲಿ.”

ಎರಡನ್ನೂ ಕೊಡುವುದು ಹೇಗೆ ಎಂದು ಅವರು ತೋರಿಸಿದ್ದು ಉದಗೀರದ ಅರಿವೆ ಅಂಗಡಿಯಲ್ಲಿ. ಅಣ್ಣತಮ್ಮಂದಿರ ಅಂಗಡಿ ಅದು. ಅಣ್ಣ ಗಲ್ಲೆಯ ಮೇಲೆ ಏಸಿಯ ಎದುರಿಗೇ ಕೂಡುವವನು, ಸದಾ ಮಫ್ಲರು ಸುತ್ತಿಕೊಂಡು ಸೀನುತ್ತಿದ್ದ. ತಮ್ಮ ಮೂಲೆಯಲ್ಲಿ ಸೀರೆ ಬಿಚ್ಚಿ ತೋರಿಸುವವನು, ಸದಾ ಬೆವರುತ್ತಿದ್ದ. ಅಣ್ಣ ಥಂಡಿ ಇಳಿಸಿದರೆ ತಮ್ಮ ಏರಿಸುತ್ತಿದ್ದ. ಮಾತು ಮಾತಿಗೆ ಬೆಳೆದು ಅಂಗಡಿಯ ನಡುವೆ ಗೋಡೆ ಕಟ್ಟುವ ತನಕ ಬಂತು. ಉಸ್ತಾದರು ಮೊದಲು ಗಾಳಿಯ ದಿಕ್ಕು ತಿರುಗಿಸಿ ಇಬ್ಬರಿಗೂ ಸಮನಾಗಿ ಹೋಗುವಂತೆ ಮಾಡಿದರು. ಥಂಡಿ ನಿಶ್ಚಯಿಸುವ ಅಸಲಿ ಯಂತ್ರವನ್ನು ಒಳಗಿನ ಗೋದಾಮಿನಲ್ಲಿ ಬಟ್ಟೆ ಗಂಟುಗಳ ಹಿಂದೆ ಕೂರಿಸಿದರು. ಆಮೇಲೆ ಅಣ್ಣನ ಹತ್ತಿರ ಒಂದು, ತಮ್ಮನ ಹತ್ತಿರ ಒಂದು ಚಂದದ ಗುಂಡಿ ಗೋಡೆಗೆ ಹಚ್ಚಿದರು. ಅಂಕಿಗಳಿದ್ದವು, ತಿರುವಿದರೆ ಟಕ್ ಟಕ್ ಎಂದು ಸಪ್ಪಳವೂ ಬರುತ್ತಿತ್ತು. ಅವುಗಳ ಹಿಂದೆ ಸುಣ್ಣದ ಗೋಡೆ ಬಿಟ್ಟು ಇನ್ನೇನೂ ಇರಲಿಲ್ಲ.

ದೀಪಾವಳಿಗೆ ಇಬ್ಬರೂ ಬೇರೆಬೇರೆಯಾಗಿ ನಮ್ಮ ಅಂಗಡಿಗೆ ಫರಾಳದ ತಿಂಡಿ ಕಳಿಸಿದರು. ತನ್ನ ಗುಂಡಿ ಇನ್ನೊಬ್ಬನದಕ್ಕಿಂತ ಚುರುಕಾಗಿದೆ ಎಂದು ಇಬ್ಬರೂ ಹೇಳಿ ಕಳಿಸಿದ್ದರು. ಉಸ್ತಾದರು ಚಕ್ಕುಲಿ ಕಡಿಯುತ್ತ, “ದೋನೋಂ ಸಚ್ ಬೋಲ್ ರಹೇ, ಇಬ್ಬರದೂ ಖರೇನೇ” ಎಂದರು.

ಈಗ ಕೆಲಸದ ರೀತಿಯೇ ಬದಲಾಗಿದೆ. ನಮ್ಮ ಕಾಲದಲ್ಲಿ ಪೈಪಿನೊಳಗಿನ ಗಾಳಿ ಎಳೆಯಲು ಹಳೇ ಫ್ರಿಜ್ಜಿನ ಕಂಪ್ರೆಸರನ್ನೇ ಬಳಸುತ್ತಿದ್ದೆವು. ಗ್ಯಾಸು ಎಷ್ಟು ಹೋಯಿತು ಎಂಬುದನ್ನು ಪೈಪು ಮುಟ್ಟಿ ಹೇಳುತ್ತಿದ್ದೆವು. ಈಗ ತೂಕದ ಯಂತ್ರ ಬಂದಿದೆ, ನೈಟ್ರೋಜನ್ ಸಿಲಿಂಡರ್ ಬಂದಿದೆ, ಹೊಸ ಗ್ಯಾಸುಗಳು ಬೆಂಕಿ ಹತ್ತುವಂಥವು. ನಮ್ಮಂತೆ ಬೀಡಿ ಕಚ್ಚಿಕೊಂಡು ಬೆಸುಗೆ ಹಾಕಿದರೆ ಕೆಲಸದ ಜೊತೆಗೆ ಕೆಲಸಗಾರನೂ ಮುಗಿಯುತ್ತಾನೆ. ಇದೆಲ್ಲ ಒಳ್ಳೆಯದೇ. ಕೊನೆಯ ವರ್ಷಗಳಲ್ಲಿ ನಾನು ಒಂದು ಕಂಪನಿಯ ಪರವಾಗಿ ಸರ್ವಿಸ್ ಮಾಡುತ್ತಿದ್ದೆ. ಅಲ್ಲಿಯ ಸಾಹೇಬ ಪ್ರತಿಯೊಂದು ಮನೆಯಲ್ಲಿ ಗಾಳಿ ಪೂರ್ತಿ ಎಳೆದ ಮೀಟರಿನ ಫೋಟೊ ಕಳಿಸಲೇಬೇಕು ಎಂದು ನಿಯಮ ಮಾಡಿದ. ಗುಣಮಟ್ಟ ಕಾಯಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ ಎಂದು ನನಗೂ ಅನ್ನಿಸಿತು. ನಾನು ನಿಲಂಗಾದ ಮನೆಯೊಂದರಲ್ಲಿ ಮನಸ್ಸಿಟ್ಟು ಕೆಲಸ ಮಾಡಿ ಚೊಕ್ಕ ಫೋಟೊ ತೆಗೆದು ಎಲ್ಲರಿಗೂ ಮಾದರಿಯಾಗಲೆಂದು ಮಿಸ್ತ್ರಿಗಳ ಫೋನಿನ ಗುಂಪಿಗೆ ಹಾಕಿದೆ. ಮಾದರಿ ಬಹಳ ಚೆನ್ನಾಗಿ ಆಯಿತು. ಅಂದಿನಿಂದ ಎಲ್ಲ ಮಿಸ್ತ್ರಿಗಳೂ ಎಲ್ಲ ಮನೆಗಳಿಂದ ಅದೇ ಫೋಟೊ ಕಳಿಸತೊಡಗಿದರು. ಮೀಟರಿನ ಮಗ್ಗುಲಿಗೆ ಉಗುರು ಕಪ್ಪಾದ ನನ್ನ ಹೆಬ್ಬೆರಳು ಕಾಣುತ್ತಿತ್ತು. ನಾನು ಕಾಲಿಡದ ಊರುಗಳಲ್ಲೂ ನನ್ನ ಹೆಬ್ಬೆರಳು ನಿಯಮದಂತೆ ಕೆಲಸ ಮಾಡಿದೆ. ಸಾಹೇಬನಿಗೆ ವರ್ಷದ ಕೊನೆಗೆ ಗುಣಮಟ್ಟದ ಬಹುಮಾನ ಬಂತು.

ಗೌರವ್ವನ ವಿಷಯ ಇದಕ್ಕಿಂತ ಹಿಂದಿನದು. ಆಗ ಉಸ್ತಾದರ ಕಣ್ಣು ಮಂಜಾಗಿ ಅಂಗಡಿಯನ್ನು ನನಗೇ ಬಿಟ್ಟುಕೊಟ್ಟಿದ್ದರು. ಕಾಸಾರಶಿರಸಿಯಲ್ಲಿ ಒಂದು ಸೇವಾ ಮಂಡಳಿ ಇತ್ತು. ಮನ್ಮಥಪ್ಪ ಎಂಬ ಬೀಜ–ಗೊಬ್ಬರದ ವ್ಯಾಪಾರಿ ಅದರ ಅಧ್ಯಕ್ಷ. ಊರಲ್ಲಿ ಯಾರಾದರೂ ಸತ್ತಾಗ ದೂರದ ಮಕ್ಕಳು ಬರುವವರೆಗೆ ಹೆಣ ಇಡಲು ಮಂಡಳಿಯವರು ಗಾಜಿನ ಮುಚ್ಚಳವಿದ್ದ ಥಂಡಿ ಪೆಟ್ಟಿಗೆಯೊಂದನ್ನು ತರಿಸಿದ್ದರು. ಯಾವುದೋ ದೊಡ್ಡ ಊರಿನ ಕಾರ್ಖಾನೆಯಲ್ಲಿ ಮಾಡಿದ, ಮಲಗಿಸಿ ಇಡುವ ಪೆಟ್ಟಿಗೆ. ಅದನ್ನು ಮಾಡಿದವರಿಗೆ ನಮ್ಮ ಕಡೆಯ ಲಿಂಗವಂತರ ಪದ್ಧತಿ ಗೊತ್ತಿರಲಿಲ್ಲ, ಗೊತ್ತಿದ್ದ ಮನ್ಮಥಪ್ಪನಿಗೆ ಅದು ನೆನಪಾಗಲಿಲ್ಲ. ಲಿಂಗವಂತರು ಸತ್ತವರನ್ನು ಮಲಗಿಸುವುದಿಲ್ಲ. ಉಸಿರು ಹೋದ ಕೂಡಲೇ ಕಾಲು ಮಡಚಿ ಗೋಡೆಗೆ ಆನಿಸಿ ಕೂರಿಸುತ್ತಾರೆ, ಹಣೆಗೆ ವಿಭೂತಿ ಧರಿಸುತ್ತಾರೆ, ಮಣ್ಣಿನಲ್ಲೂ ಕೂರಿಸಿಯೇ ಇಡುತ್ತಾರೆ.

ಗೌರವ್ವನ ಗಂಡ ಕಾಶಪ್ಪ ತೀರಿಕೊಂಡದ್ದು ಕಡು ಬೇಸಿಗೆಯಲ್ಲಿ. ಹಿರಿಯ ಮಗ ಮನೆಯಲ್ಲೇ ಇದ್ದು ಹೊಲ ನೋಡುತ್ತಿದ್ದ. ಕಿರಿಯವನು ನಾಗನಾಥ ಲಾರಿ ಓಡಿಸುವವನು, ಆ ದಿನ ಗುಜರಾತಿನಲ್ಲಿ ಎಲ್ಲೋ ಇದ್ದ. ಅವನು ಬರುವವರೆಗೆ ಇರಲಿ, ಆಮೇಲೆ ಕೂರಿಸಿದರಾಯಿತು ಎಂದು ಕಾಶಪ್ಪನನ್ನು ಪೆಟ್ಟಿಗೆಯಲ್ಲಿ ಮಲಗಿಸಿದರು. ಬಂದವರೆಲ್ಲ ದುಃಖದಲ್ಲಿ ಏನಾದರೂ ಮಾಡಬೇಕಲ್ಲ, ಪೆಟ್ಟಿಗೆಯ ಗುಂಡಿ ತಿರುವಿದರು. ಒಬ್ಬ ಸ್ವಲ್ಪ ತಿರುವಿದ, ಮುಂದಿನವನು ಇನ್ನಷ್ಟು, ಅಧ್ಯಕ್ಷ ಮನ್ಮಥಪ್ಪ ಬಂದು ಕೊನೆಯ ತನಕ ತಿರುವಿದ. ನಾಗನಾಥ ಬಂದು ಮುಚ್ಚಳ ತೆಗೆದಾಗ ಅಪ್ಪನ ಮೈ ಹಲಗೆಯಂತೆ ಸೆಟೆದಿತ್ತು. ಕೂರಿಸಲು ಬರಲಿಲ್ಲ.

ಆಗ ನನಗೆ ಫೋನು ಬಂತು. ಮನ್ಮಥಪ್ಪ ಹೇಳಿದ: “ಮಿಸ್ತ್ರಿ, ಲವಕರ ಬರ್ರಿ, ಲಗೂನ ಬರ್ರಿ. ಪೆಟ್ಟಿಗಿ ಕೆಟ್ಟದ. ಮನುಷ್ಯಾ ಬಗ್ಗವಲ್ಲ.”

ಹೋಗಿ ಪರೀಕ್ಷಿಸಿದೆ. ಪೆಟ್ಟಿಗೆ ಕೆಟ್ಟಿರಲಿಲ್ಲ. ಕಂಪನಿ ಹೇಳಿದ್ದಕ್ಕಿಂತ ಕೂದಲೆಳೆಯಷ್ಟೂ ಕಡಿಮೆ ಥಂಡಿ ಇರಲಿಲ್ಲ. ಗುಣಮಟ್ಟದ ದೃಷ್ಟಿಯಿಂದ ಅಷ್ಟು ಚೊಕ್ಕ ಮಶೀನು ಆ ಭಾಗದಲ್ಲೇ ಇರಲಿಲ್ಲ ಎನ್ನಬೇಕು. ಪಡಸಾಲೆಯಲ್ಲಿ ನಾಲ್ಕು ಜನ ಸೇರಿ ಕಾಶಪ್ಪನ ಮೊಣಕಾಲು ಒತ್ತುತ್ತಿದ್ದರು. ನಾಗನಾಥ ಗೋಡೆಗೆ ಮುಖ ಮಾಡಿ ನಿಂತಿದ್ದ. ಅಷ್ಟರಲ್ಲಿ ಒಳಗಿನಿಂದ ಗೌರವ್ವ ಬಂದಳು.

“ಬಿಡ್ರಿ. ಮುರೀಬ್ಯಾಡ್ರಿ ಅವ್ರಿಗಿ. ಹಂಗೇ ಒಯ್ಯಿರಿ.”

ಹಾಗೆಯೇ ಒಯ್ದರು. ಮಲಗಿದಂತೆಯೇ ಮಣ್ಣು ಮಾಡಿದರು.

ಕೆಲವು ತಿಂಗಳ ಮೇಲೆ, ಜೋಳದ ಎಳೆ ತೆನೆಯ ಸೀತನಿ ಬರುವ ಹೊತ್ತಿಗೆ, ಗೌರವ್ವ ಒಬ್ಬಳೇ ಬಸ್ಸು ಹತ್ತಿ ಉಮರ್ಗಾದ ನನ್ನ ಅಂಗಡಿಗೆ ಬಂದಳು. ಸೀತನಿಯ ಚೀಲವನ್ನು ಮೇಜಿನ ಮೇಲಿಟ್ಟು, ಸ್ಟೂಲಿನ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು ನೇರ ವಿಷಯಕ್ಕೆ ಬಂದಳು.

“ಶರಣಪ್ಪಾ, ಅವರಂತೂ ಮಲಕೊಂಡೇ ಹೋದ್ರು. ಹಗಲಿನಾಗ ಒಂದು ದಿವಸ ನೆಲಕ್ಕ ಬೆನ್ನ ಹಚ್ಚಿದ ಮನುಷ್ಯಾ ಅಲ್ಲ ಅವರು. ಅವರಿಗಿ ಹಂಗ ಮಲಗಿಸಿ ಕಳಿಸಿದ್ದು ನನಗ ಎದ್ಯಾಗ ಕಲ್ಲ ಇಟ್ಟಂಗ ಆಗ್ಯಾದ. ನನಗ ಹಂಗ ಆಗಬಾರದು. ನಾ ಕುಂತೇ ಹೋಗಬೇಕು. ಕುಂದ್ರೋ ಪೆಟ್ಟಿಗಿ ಒಂದು ಮಾಡು.”

“ಅಂಥಾದ್ದು ನಾ ಎಲ್ಲೂ ನೋಡಿಲ್ಲ ಅವ್ವಾರ.”

“ನೀ ನೋಡಿಲ್ಲಂದ್ರ ಏನಾಯ್ತು? ಅದರಾಗ ಕುಂದ್ರಾಕಿ ನಾ. ನನಗ ಗೊತ್ತದ ಹ್ಯಾಂಗ ಇರಬೇಕಂತ.”

“ನಿಮಗ ಇಷ್ಟ ಲಗೂ ಏನದ ಬಿಡ್ರಿ.”

“ಲಗೂ ಇಲ್ಲ. ಆದ್ರ ಹೇಳಿ ಬರೂದಿಲ್ಲ ಅದು. ಮಾಡ್ತೀ ಇಲ್ಲೋ, ಮಾತ ಕೊಡು.”

ಕೊಟ್ಟೆ. ಸೀತನಿ ತಿಂದ ಬಾಯಲ್ಲಿ ಒಲ್ಲೆ ಎನ್ನುವುದು ಹೇಗೆ? ಸುಳ್ಳೇಕೆ ಹೇಳಲಿ, ಸೀತನಿಗಲ್ಲ. ಪಡಸಾಲೆಯಲ್ಲಿ ಆ ಮೊಣಕಾಲು ಒತ್ತುವುದನ್ನು ನಾನೂ ನೋಡಿದ್ದೆ, ನನಗೂ ಊಟ ಸೇರಿರಲಿಲ್ಲ.

ಮನ್ಮಥಪ್ಪನಿಗೆ ಗೌರವ್ವ ತಾನೇ ಹೇಳಿ ಮಂಡಳಿಯಿಂದ ಒಪ್ಪಿಗೆ ಮಾಡಿಸಿದಳು. ಅವನು ಬಂದು ಎರಡು ಸೂಚನೆ ಕೊಟ್ಟ. ಒಂದು, “ಥಂಡಿ ಎಕ್ದಮ ಕಡಕ ಪಾಹಿಜೆ, ಕಡಕೇ ಬೇಕು.” ಇನ್ನೊಂದು, ಮಂಡಳಿಯ ಹೆಸರು ಮತ್ತು ಅಧ್ಯಕ್ಷರ ಹೆಸರು ಗಾಜಿನ ಮೇಲೆ ದೊಡ್ಡದಾಗಿ ಬರಬೇಕು. ಅವನು ತೋರಿಸಿದ ಜಾಗದಲ್ಲಿ ಬರೆದರೆ ಒಳಗೆ ಕೂತವರ ಮೂಗಿನಿಂದ ಹಣೆಯವರೆಗೆ ಮನ್ಮಥಪ್ಪನೇ ಕಾಣುತ್ತಿದ್ದ. ಕೊನೆಗೆ ಹೆಸರನ್ನು ಪೀಠದ ಕೆಳಗೆ ಇಳಿಸಲು ಬಹಳ ಮಾತು ಖರ್ಚಾಯಿತು.

ದೇವರ ಮಂಟಪದಷ್ಟು ಎತ್ತರದ ಪೆಟ್ಟಿಗೆ ಮಾಡಿದೆ. ಮೂರು ಕಡೆ ಗಾಜು, ಹಿಂದೆ ಬಾಗಿಲು, ಒಳಗೆ ಸ್ಟೀಲಿನ ಪೀಠ. ಮಲಗಿಸುವ ಪೆಟ್ಟಿಗೆಯಲ್ಲಿ ಥಂಡಿ ಮಾಡುವ ಕೊಳವೆಗಳು ತಳದಲ್ಲಿರುತ್ತವೆ. ನಾನೂ ಹಾಗೆಯೇ ಪೀಠದ ಕೆಳಗೆ ಕೂರಿಸಿದೆ. ಉಷ್ಣಮಾಪಕವನ್ನು ಪೀಠದ ಮೇಲಿಟ್ಟು ನೋಡಿ, ಬಹಳ ಚೆನ್ನಾಗಿದೆ ಎಂದು ನನಗೆ ನಾನೇ ಶಾಭಾಸ್ ಹೇಳಿಕೊಂಡೆ. ಗೌರವ್ವ ನೋಡಲು ಬಂದಳು. ನೋಡಿ ಹೋಗುವಳು ಎಂದುಕೊಂಡಿದ್ದೆ. ಆಕೆ ಚಪ್ಪಲಿ ಬಿಟ್ಟು ಹಿಂದಿನ ಬಾಗಿಲಿನಿಂದ ಒಳಗೆ ಹತ್ತಿ ಕಾಲು ಮಡಚಿ ಕೂತೇಬಿಟ್ಟಳು.

“ಬಾಗಲಾ ಹಾಕು.”

“ಬ್ಯಾಡ್ರಿ ಅವ್ವಾರ, ಅದು ಸತ್ತವ್ರಿಗಿ ಮಾಡಿದ್ದು.”

“ಸತ್ತವ್ರು ಎದ್ದು ಬಂದು ಹೆಚ್ಚುಕಡಿಮಿ ಹೇಳ್ತಾರೇನು? ನಾ ಈಗ ಹೇಳಿದ್ರ ಹೇಳಿದಂಗ. ಹಾಕು.”

ಬಾಗಿಲು ಮುಚ್ಚಿ ಚಿಲಕದ ಮೇಲೆ ಕೈ ಇಟ್ಟುಕೊಂಡೇ ನಿಂತೆ. ಆಕೆ ಕಣ್ಣು ಮುಚ್ಚಿದಳು. ಹಣೆಯ ಮೇಲೆ ವಿಭೂತಿ, ಮೈತುಂಬ ಸೆರಗು, ಕೈಗಳು ತೊಡೆಯ ಮೇಲೆ. ಅದೇ ಹೊತ್ತಿಗೆ ಎದುರಿನ ಹೋಟೆಲಿನ ಪಾಂಡುರಂಗ ಚಹಾ ತಂದ. ಗಾಜಿನೊಳಗೆ ನೋಡಿದವನು “ಆಯೀ ಗ!” ಎಂದು ಕಿರುಚಿ ಟ್ರೇ ಕೈಬಿಟ್ಟ. ಗೌರವ್ವ ಒಂದೇ ಕಣ್ಣು ತೆರೆದು, ಗಾಜಿನ ಮೇಲೆ ಬೆರಳಿನಿಂದ ಬಡಿದು, “ನನಗ ಸಕ್ರಿ ಕಮ್ಮಿ ಹಾಕಿ ತಾ” ಎಂದಳು. ಪಾಂಡುರಂಗ ಆಮೇಲೆ ಎಷ್ಟೋ ದಿನ ಚಹಾವನ್ನು ಹೊರಗೆ ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದ.

ಹೊರಗೆ ಬಂದ ಗೌರವ್ವ ವರದಿ ಒಪ್ಪಿಸಿದಳು: “ಕುಂಡಿ ಬರ್ಫ ಆಗ್ಯಾದ, ಮಾರಿ ಬೆಂವರ್ಲಾಕತ್ತದ. ನೋಡಾಕ ಬಂದವ್ರು ಮಾರಿ ನೋಡ್ತಾರೋ ಏನು ಕುಂಡಿ ನೋಡ್ತಾರೋ?”

ತಣ್ಣನೆ ಗಾಳಿ ಕೆಳಗೆ ಇಳಿಯುತ್ತದೆ ಎಂಬುದು ನಮ್ಮ ವಿದ್ಯೆಯ ಮೊದಲ ಪಾಠ. ಮಲಗಿದವರಿಗೆ ಮಾಡಿದ್ದನ್ನು ಕೂತವರಿಗೆ ನಕಲು ಮಾಡುವ ಭರದಲ್ಲಿ ನಾನು ಅದನ್ನೇ ಮರೆತಿದ್ದೆ. ಕೊಳವೆಗಳನ್ನು ಬಿಚ್ಚಿ ಬೆನ್ನ ಹಿಂದೆ ತಲೆಯ ಎತ್ತರಕ್ಕೆ ತಂದೆ. ಥಂಡಿ ಮೇಲಿನಿಂದ ಮೆಲ್ಲಗೆ ಇಳಿಯುವಂತೆ ಸಣ್ಣ ಫ್ಯಾನು ಹಾಕಿದೆ. ಗಾಜಿಗೆ ಹಬೆ ಹಿಡಿದು ಮುಖ ಮಸುಕಾಗುತ್ತಿತ್ತು, ಅದಕ್ಕೆ ಎರಡು ಪದರ ಗಾಜು ಹಾಕಿಸಿದೆ. ಅಸಲಿ ಯಂತ್ರವನ್ನು ಮೈ ಕೆಡದಷ್ಟು, ಆದರೆ ಹಿಮ ಹಿಡಿಯದಷ್ಟು ಥಂಡಿಗೆ ನಿಲ್ಲಿಸಿ, ತಗಡಿನ ಹಿಂದೆ ಸ್ಕ್ರೂ ಹಾಕಿ ಭದ್ರ ಮಾಡಿದೆ. ಎದುರಿಗೆ, ಎಲ್ಲರ ಕೈಗೂ ಸಿಗುವ ಹಾಗೆ, ಉಸ್ತಾದರನ್ನು ನೆನೆದು ಒಂದು ಚಂದದ ಗುಂಡಿ ಕೂರಿಸಿದೆ. ಸೊನ್ನೆಯಿಂದ ಹತ್ತರವರೆಗೆ ಅಂಕಿಗಳಿದ್ದವು.

ಎರಡನೆಯ ಸಲ ಗೌರವ್ವ ಒಳಗೆ ಕೂತು ನೋಡಿ ಪಾಸು ಮಾಡಿದಳು. ಇಳಿದು ಬಂದವಳು ಗುಂಡಿ ತಿರುವಿ ಉಷ್ಣಮಾಪಕ ನೋಡಿದಳು. ಮತ್ತೆ ತಿರುವಿ ಮತ್ತೆ ನೋಡಿದಳು. ಕೊನೆಗೆ ನನ್ನ ಮುಖ ನೋಡಿದಳು.

“ಏನೋ ಶರಣಪ್ಪಾ, ಇದು ಎಲ್ಲಿಗೂ ಹತ್ತೇ ಇಲ್ಲಲ್ಲೋ?”

ಸಿಕ್ಕಿಬಿದ್ದೆ. ಉದಗೀರದ ಅಣ್ಣತಮ್ಮಂದಿರ ಕಥೆ ಹೇಳಿದೆ. ಬಾಯಿಗೆ ಸೆರಗು ಹಿಡಿದು ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ನಗು ನಿಂತಿತು.

“ಇರಲಿ ಬಿಡು, ತೆಗೀಬ್ಯಾಡ. ಸತ್ತವ್ರ ಮುಂದ ಕುಂತವ್ರ ಕೈಗಿ ಏನರ ಒಂದು ಬೇಕಾಗ್ತದ. ನಾ ಅವ್ರ ಕಾಲ ಒತ್ತಬೇಕಂತ ಹೋದ್ರ ಗಾಜ ಅಡ್ಡ ಬಂತು. ಈ ಮಾತ ಯಾರ ಮುಂದೂ ಆಡಬ್ಯಾಡ.”

ಪೆಟ್ಟಿಗೆ ಊರೂರು ತಿರುಗಿತು. ಮನ್ಮಥಪ್ಪ ಉದ್ಘಾಟನೆಯಲ್ಲಿ ಇದು ತನ್ನದೇ ಕಲ್ಪನೆ ಎಂದು ಭಾಷಣ ಮಾಡಿದ, ಆ ಗುಂಡಿಯ ಗುಣವನ್ನು ವಿಶೇಷವಾಗಿ ವರ್ಣಿಸಿದ. ಹೋದಲ್ಲೆಲ್ಲ ಜನ ಗುಂಡಿಯನ್ನು ಹತ್ತಕ್ಕೆ ತಿರುವಿದರು. ಕೂತವರು ಕೂತೇ ಹೋದರು. “ಫುಲ್ ಮಾಡಿದ್ವಿ ನೋಡ್ರಿ, ಅದಕ್ಕೇ ಬರೋಬ್ಬರಿ ಆಯ್ತು” ಎಂದು ನನಗೇ ತಿಳಿಸಿ ಹೇಳಿದವರಿದ್ದಾರೆ. ಬಸ್‌ಸ್ಟ್ಯಾಂಡಿನಲ್ಲೋ ಸಂತೆಯಲ್ಲೋ ಗೌರವ್ವ ಸಿಕ್ಕಾಗಲೆಲ್ಲ ಮೊದಲ ಪ್ರಶ್ನೆ ಒಂದೇ: “ಪೆಟ್ಟಿಗಿ ಚಾಲೂ ಅದ ಏನೋ? ನಾ ಇನ್ನಾ ತಯಾರಿಲ್ಲ, ಖರೆ ನೀ ಸರ್ವಿಸಿಂಗ ಮಾಡಿ ಇಟ್ಟಿರು.”

ಆಕೆ ತಯಾರಾಗುವ ಹೊತ್ತಿಗೆ ನನ್ನ ಮೊಣಕಾಲು ಹೋಗಿ ನಾನು ಕೆಲಸ ಬಿಟ್ಟಿದ್ದೆ. ಹೋದ ವರ್ಷ ಬೇಸಿಗೆಯಲ್ಲಿ ಒಂದು ಮುಂಜಾನೆ ಹಿರಿಯ ಮಗನ ಫೋನು ಬಂತು. “ಕಾಕಾ, ಅವ್ವ ಹೋದಳು. ನೀವು ಬರಬೇಕಂತ ಮೊದಲೇ ಹೇಳಿ ಇಟ್ಟಿದ್ದಳು.” ಉಪಕರಣಗಳ ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ. ಮನೆಯವರು ತಡಮಾಡದೆ ಆಕೆಯನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ನಾಗನಾಥ ಲಾರಿಯೊಂದಿಗೆ ರಾಜಸ್ಥಾನದ ಕಡೆ ಇದ್ದ, ಮರುದಿನವೇ ಅವನು ಬರುವುದು. ಬಿಸಿಲು ಏರುತ್ತಿತ್ತು. ಪೆಟ್ಟಿಗೆ ಟೆಂಪೊದಲ್ಲಿ ಬಂತು, ಆಕೆಯನ್ನು ಒಳಗೆ ಕೂರಿಸಿದೆವು, ಕರೆಂಟು ಕೊಟ್ಟೆವು. ಕಂಪ್ರೆಸರ್ ಶುರುವಾಯಿತು. ಆದರೆ ಒಳಗಿನ ಫ್ಯಾನು ತಿರುಗಲಿಲ್ಲ. ಥಂಡಿ ಬೆನ್ನ ಹಿಂದೆಯೇ ಗಟ್ಟಿಯಾಗಿ ನಿಂತಿತು, ಮುಖದ ಕಡೆ ಬರಲೇ ಇಲ್ಲ.

ಚೀಲದಿಂದ ಸ್ಕ್ರೂಡ್ರೈವರ್ ತೆಗೆದೆ. ನೂರು ಮನೆಗಳಲ್ಲಿ ಫ್ಯಾನು ಬಿಚ್ಚಿದ ಕೈ ನನ್ನದು. ಆದರೂ ಕೊಟ್ಟ ಮಾತು ಇದೊಂದು ಫ್ಯಾನಿನಲ್ಲಿ ಸಿಕ್ಕಿಕೊಂಡಿದೆ ಎಂದು ಅನ್ನಿಸಿತು. ತಗಡು ಬಿಚ್ಚಿ ಬೆರಳು ಹಾಕಿದರೆ ಒಣಗಿದ ಝೆಂಡು ಹೂವೊಂದು ರೆಕ್ಕೆಯ ಬುಡದಲ್ಲಿ ಸಿಕ್ಕಿತ್ತು. ಹಿಂದಿನ ಯಾರದೋ ಹಾರದ್ದು. ಕಿತ್ತು ತೆಗೆದೆ, ಫ್ಯಾನು ತಿರುಗಿತು. ಗೌರವ್ವನ ಕಿವಿಯ ಮೇಲಿನ ನರೆಗೂದಲು ಒಂದೆರಡು ಎಳೆ ಅಲುಗಿದವು. ಹುಡುಗರೇ, ಸರ್ವಿಸಿಂಗ್ ಮಾಡಿ ಇಟ್ಟಿರು ಎಂದು ಗಿರಾಕಿ ಹೇಳಿದರೆ ಮಾಡಿ ಇಡಿ.

ಮಧ್ಯಾಹ್ನ ಜನ ತುಂಬಿದರು. ನಿಲಂಗಾಕ್ಕೆ ಕೊಟ್ಟಿದ್ದ ಮಗಳು ಮಹಾದೇವಿ ಪೆಟ್ಟಿಗೆಯ ಮಗ್ಗುಲಿಗೇ ಕೂತಿದ್ದಳು. ಮನ್ಮಥಪ್ಪ ಬಂದು ಕೈಮುಗಿದು, ಜವಾಬ್ದಾರಿಯುತವಾಗಿ ಗುಂಡಿಯನ್ನು ಹತ್ತಕ್ಕೆ ತಿರುವಿ ಹೋದ. ಅವನು ಆಚೆ ಹೋದ ಮೇಲೆ ಮಹಾದೇವಿ ಕೈ ಚಾಚಿ ಅದನ್ನು ಸೊನ್ನೆಯ ಹತ್ತಿರ ತಂದಳು. ಇನ್ನೊಬ್ಬ ಬಂಧು ಬಂದು ಏರಿಸಿದ, ಆಕೆ ಮತ್ತೆ ಇಳಿಸಿದಳು. ಊರವರೆಲ್ಲ ಏರಿಸುವುದು, ಆಕೆ ಒಬ್ಬಳೇ ಇಳಿಸುವುದು. ಹೊತ್ತು ಇಳಿಯುವವರೆಗೂ ಇದೇ ನಡೆಯಿತು. ಕೊನೆಗೆ ನನ್ನ ಕಡೆ ತಿರುಗಿದಳು.

“ಕಾಕಾ, ಅವ್ವಗ ಥಂಡಿ ಸೇರ್ತಿದ್ದಿಲ್ಲ. ಬ್ಯಾಸಗ್ಯಾಗೂ ಆಕಿಗಿ ಚಾದರ ಬೇಕಿತ್ತು. ಇವ್ರು ಕೇಳವಲ್ಲರು. ನೋಡ್ರಿ ಈಗ, ಥಂಡಿ ಕಡಿಮಿ ಆಯ್ತೇನು?”

ಬದುಕಿಡೀ ಜನ ನನ್ನಿಂದ ಕೇಳಿದ್ದು ಇನ್ನಷ್ಟು ಥಂಡಿ, ಇನ್ನಷ್ಟು ಥಂಡಿ. ಇನ್ನೊಬ್ಬರಿಗೆ ಥಂಡಿಯಾದೀತು, ಕಡಿಮೆ ಮಾಡು ಎಂದು ಕೇಳಿದವಳು ಇವಳೊಬ್ಬಳು. ಇವಳಿಗೂ ನಾನು ಕೊಟ್ಟದ್ದು ಎಲ್ಲಿಗೂ ಹತ್ತದ ಗುಂಡಿಯನ್ನೇ. ನಿಜ ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಗಾಜಿನಾಚೆ ಗೌರವ್ವ ಕಣ್ಣು ಮುಚ್ಚಿ ನೆಟ್ಟಗೆ ಕೂತಿದ್ದಳು. ಯಾರ ಮುಂದೂ ಆಡಬ್ಯಾಡ ಎಂದಿದ್ದಳಲ್ಲ. ನಾನು ಗಾಜಿನ ಮೇಲೆ ಅಂಗೈ ಇಟ್ಟು ಪರೀಕ್ಷಿಸಿದವನಂತೆ ಸ್ವಲ್ಪ ಹೊತ್ತು ನಿಂತೆ.

“ಆಯ್ತವ್ವಾ. ಈಗ ಅವ್ವಾರಿಗಿ ಬರೋಬ್ಬರಿ ಅದ.”

ಮಹಾದೇವಿ ಗುಂಡಿಯ ಮೇಲೆ ಕೈ ಇಟ್ಟುಕೊಂಡೇ ಗಾಜಿಗೆ ತಲೆ ಆನಿಸಿದಳು. ಆ ಮೇಲೆ ಅದನ್ನು ತಿರುವಲು ಯಾರಿಗೂ ಬಿಡಲಿಲ್ಲ.

ಮರುದಿನ ನಾಗನಾಥ ಬಂದ. ಅಪ್ಪನ ನೆನಪಿನಿಂದಲೋ ಏನೋ, ಪೆಟ್ಟಿಗೆಯ ಬಾಗಿಲು ತೆಗೆಯಲು ಹೆದರಿ ನಿಂತ. ನಾನೇ ತೆಗೆದೆ. ಗೌರವ್ವ ಕೂರಿಸಿದ ಹಾಗೆಯೇ ಇದ್ದಳು. ಯಾರೂ ಒತ್ತಬೇಕಾಗಲಿಲ್ಲ, ಯಾರೂ ಮಡಚಬೇಕಾಗಲಿಲ್ಲ. ಇಬ್ಬರು ಮಕ್ಕಳು ಹಾಗೆಯೇ ಎತ್ತಿ, ಹೆಗಲ ಮೇಲೆ ಒಯ್ಯುವ ಹೂವಿನ ವಿಮಾನದಲ್ಲಿ ಕೂರಿಸಿದರು. ಓಣಿಯ ಜನ ನೋಡುತ್ತಿದ್ದಂತೆ ಆಕೆ ಬಸ್ಸಿನಲ್ಲಿ ಉಮರ್ಗಾಕ್ಕೆ ಬರುವಾಗಿನಷ್ಟೇ ಠೀವಿಯಿಂದ ಕೂತು ಹೋದಳು.

ಮಣ್ಣು ಮುಗಿಸಿ ಬಂದ ಮೇಲೆ ಮನ್ಮಥಪ್ಪ ನನ್ನನ್ನು ಪೆಟ್ಟಿಗೆಯ ಹತ್ತಿರ ಕರೆದ. “ಮಿಸ್ತ್ರಿ, ಗುಂಡಿ ಢಿಲಾ ಆಗ್ಯಾದ. ಥಂಡಿ ಬರೋಬ್ಬರಿ ಆಗಬೇಕಂದ್ರ ಅದನ್ನ ಬದಲಿ ಮಾಡಬೇಕು.” ನೋಡಿದೆ. ಕಂಪ್ರೆಸರ್ ಹೊಸದರಂತಿತ್ತು. ಫ್ಯಾನು ಹೊಸದರಂತಿತ್ತು. ಆ ಪೆಟ್ಟಿಗೆಯಲ್ಲಿ ಸವೆದದ್ದು ಗುಂಡಿಯೊಂದೇ. ಅಂಕಿಗಳೆಲ್ಲ ಜನರ ಬೆರಳಿಗೆ ಅಳಿಸಿಹೋಗಿದ್ದವು.

ಉದಗೀರದ ಪೇಟೆಯಲ್ಲಿ ಹುಡುಕಿ ಗಟ್ಟಿ ಹಿತ್ತಾಳೆಯದೊಂದು ತಂದು ಕೂರಿಸಿದೆ. ಅದನ್ನೂ ಯಾವುದಕ್ಕೂ ಜೋಡಿಸಲಿಲ್ಲ.